ನಾನು ಎಲೆ ಕಿತ್ತ ಎರಡು ಸಾಲು

ಆ ವರ್ಷ ಏಪ್ರಿಲ್ ಕೊನೆಯಲ್ಲಿ ನನ್ನ ಗಂಡ ಕುರುಗೋಡಿನ ದಾರಿಯಲ್ಲಿ ಬೈಕಿನಿಂದ ಬಿದ್ದು ಬಲಗಾಲು ಮುರಿದುಕೊಂಡರು. ಕುರುಗೋಡಿನ ನಮ್ಮ ತೋಟದಲ್ಲಿ ದ್ರಾಕ್ಷಿಬಳ್ಳಿಯ ಹಳೆಯ ಕಡ್ಡಿಗಳನ್ನೆಲ್ಲ ಕತ್ತರಿಸಿ ಮೂರು ವಾರವಾಗಿತ್ತು. ಹೊಸ ಚಿಗುರು ಗೇಣುದ್ದ ಬಂದಿತ್ತು. ಬಳ್ಳಾರಿಯ ಸತ್ಯನಾರಾಯಣಪೇಟೆಯ ಮನೆಯಲ್ಲಿ ಪ್ಲಾಸ್ಟರ್ ಹಾಕಿದ ಕಾಲು ಚಾಚಿ ಮಲಗಿದವರಿಗೆ ಕಾಲಿಗಿಂತ ತೋಟದ ಚಿಂತೆಯೇ ಹೆಚ್ಚು. ನಾನೋ ಮನೆಯಲ್ಲೇ ಜೀನ್ಸ್ ಪ್ಯಾಂಟ್ ಹೊಲಿಯುವವಳು. ಮದುವೆಯಾಗಿ ಹನ್ನೊಂದು ವರ್ಷವಾದರೂ ಬಳ್ಳಿಗೆ ಕೈ ಹಚ್ಚಿರಲಿಲ್ಲ.

"ದಿನಾ ಒಂದು ಸಲ ಹೋಗಿ ನೋಡ್ಕೊಂಡು ಬಾ. ಅವ್ವ ಒಬ್ಬಾಕಿ ಎಷ್ಟಂತ ಮಾಡ್ತಾಳ?" ಎಂದರು.

ಅತ್ತೆ ಕುರುಗೋಡಿನಲ್ಲಿ, ತೋಟದಲ್ಲೇ ಇದ್ದರು. ನಾನು ಬೆಳಗಿನ ಬಸ್ಸು ಹಿಡಿದು ಹೋಗಿ ಮಧ್ಯಾಹ್ನ ಮರಳತೊಡಗಿದೆ. ಕಾಲುವೆಗೆ ನೀರು ಬರುವುದು ನಿಂತಿತ್ತು. ಬೋರು ಒಂದು ಗಂಟೆ ಓಡಿದರೆ ಕೆಮ್ಮತೊಡಗುತ್ತಿತ್ತು. ತೋಟದಲ್ಲಿದ್ದರೆ ಗಂಡನ ಊಟದ ಯೋಚನೆ, ಮನೆಗೆ ಬಂದರೆ ಬಳ್ಳಿಯ ಯೋಚನೆ. ಮಷಿನ್ ಮುಂದೆ ಕೂತರೂ ಎರಡು ಹೊಲಿಗೆಗೊಮ್ಮೆ ಎದ್ದು ಕಿಟಕಿಯಿಂದ ಬಿಸಿಲು ನೋಡುತ್ತಿದ್ದೆ, ನೋಡಿದರೆ ಅದು ಕಡಿಮೆಯಾಗುತ್ತದೇನೋ ಎಂಬಂತೆ.

ಒಂದು ದಿನ ಮೋಟಾರು ರಿಪೇರಿಯವನನ್ನು ಕರೆಯಲು ಅತ್ತೆ ಊರೊಳಗೆ ಹೋಗಿದ್ದರು. ಅಂಚಿನ ಎರಡು ಸಾಲುಗಳಲ್ಲಿ ಎಲೆಗಳು ತುದಿ ಸುಟ್ಟು ಕಂದಾಗಿ, ಮುಟ್ಟಿದರೆ ಹಪ್ಪಳದಂತೆ ಮುರಿಯುತ್ತಿದ್ದವು. ಹೀಗೇ ಬಿಟ್ಟರೆ ತೋಟಕ್ಕೆಲ್ಲ ಹಬ್ಬುತ್ತದೆ ಅನ್ನಿಸಿತು. ಸುಮ್ಮನೆ ಕೂರಲಾಗಲಿಲ್ಲ. ಎರಡೂ ಸಾಲುಗಳಲ್ಲಿ ಸುಟ್ಟ ಎಲೆಗಳನ್ನೆಲ್ಲ ಉಗುರಿನಿಂದ ಚಿವುಟಿ ಹಾಕಿದೆ. ಅಷ್ಟು ದಿನಗಳಲ್ಲಿ ಮೊದಲ ಸಲ ಏನೋ ಕೆಲಸ ಮಾಡಿದ ಸಮಾಧಾನವಾಯಿತು.

ಅತ್ತೆ ಬಂದವರೇ ನಿಂತುಬಿಟ್ಟರು.

"ಏನ್ ಮಾಡಿದಿ ಯವ್ವಾ?"

"ಸುಟ್ಟಿದ್ವಲ್ಲ ಅತ್ತಿ, ಕಿತ್ತೀನಿ."

"ಅರ್ಧ ಸುಟ್ಟಿದ್ರೂ ಇನ್ನರ್ಧ ನೆಳ್ಳು ಕೊಡ್ತಿತ್ತು. ಈಗ ತೋಳಿಗೆ ನೆಟ್ಟಗ ಬಿಸಿಲು ಬೀಳ್ತೈತಿ. ಸಿಪ್ಪಿ ಸೀಳತೈತಿ."

ತೋಳು ಎಂದರೆ ಕಾಂಡದಿಂದ ಹೊರಟು ತಂತಿಯ ಮೇಲೆ ಅಡ್ಡ ಹಾಯುವ ದಪ್ಪ ಕೊಂಬೆ. ಚಿಗುರೆಲ್ಲ ಹೊರಡುವುದು ಅದರಿಂದಲೇ. ಅತ್ತೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸಂಜೆ ಗಂಡನಿಗೆ ಹೇಳಿದೆ. ಅವರು ಗೋಡೆಯ ಕಡೆ ಮುಖ ತಿರುಗಿಸಿದರು.

ಮರುದಿನ ನಮ್ಮ ಓಣಿಯ ಮನೆಮನೆಗೆ ಹೋಗಿ ಹಳೆಯ ಹತ್ತಿ ಸೀರೆ ಕೇಳಿದೆ. ಯಾಕೆಂದು ಕೇಳಿದವರಿಗೆ "ಬಳ್ಳಿಗೆ ಹೊದಿಸಾಕ" ಎಂದೆ. ನಕ್ಕರು, ಆದರೂ ಕೊಟ್ಟರು. ಎರಡೆರಡು ಸೀರೆ ಜೋಡಿಸಿ ಹೊಲಿದು, ಅಂಚಿಗೆ ಜೀನ್ಸಿನ ತುಂಡುಗಳಿಂದ ಕಟ್ಟುಪಟ್ಟಿ ಇಟ್ಟೆ. ಮೂರು ದಿನದಲ್ಲಿ ಆ ಎರಡು ಸಾಲುಗಳ ಮೇಲೆ ಬಣ್ಣಬಣ್ಣದ ಚಪ್ಪರವಾಯಿತು. ಬಿಸಿಲುಗಾಳಿಗೆ ನಾಲ್ಕೈದು ಹರಿದವು; ಮತ್ತೆ ಹೊಲಿದೆ.

"ಮ್ಯಾಲಿಂದಾತು, ಬುಡಕ್ಕೇನು?" ಎಂದರು ಅತ್ತೆ. ಡ್ರಿಪ್ಪಿನ ಹನಿ ಬಿದ್ದಷ್ಟೇ ಬೇಗ ಆರುತ್ತಿತ್ತು. "ನಮ್ಮ ತಮ್ಮನ ಕಡೆ ನೆಲ್ಲಿನ ಹುಲ್ಲು ಇರ್ತೈತಿ. ಬುಡಕ್ಕ ಹಾಸಿದ್ರ ತಂಪು ಹಿಡೀತೈತಿ. ನಡಿ, ಹೋಗಿ ಕೇಳೋಣು."

ಇಬ್ಬರೂ ಸಿರುಗುಪ್ಪಕ್ಕೆ ಹೋಗಿ, ಅಲ್ಲಿಂದ ಆಟೋದಲ್ಲಿ ದೇಶನೂರು ಸೇರಿದೆವು. ಅತ್ತೆಯ ತಮ್ಮ ಮಜ್ಜಿಗೆ ಕೊಟ್ಟರು, ಹುಲ್ಲಿನ ಮಾತಿಗೆ ಮಾತ್ರ ತಲೆ ಕೆರೆದುಕೊಂಡರು.

"ಅಕ್ಕಾ, ಮಳಿ ಬರೂತನಕ ಎಮ್ಮಿಗೆ ಬೇಕಲ್ಲ."

ಅತ್ತೆ ಮಜ್ಜಿಗೆ ಲೋಟ ಕೆಳಗಿಟ್ಟು ಏಳಲು ಹೊರಟರು. ನನಗೆ ತಡೆಯಲಾಗಲಿಲ್ಲ. "ತಪ್ಪು ನಂದೈತಿ ಮಾವ," ಎಂದು ಎಲೆ ಕಿತ್ತದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ.

ಅವರು ಎದ್ದು ಹಿತ್ತಲಿನ ಕಡೆ ಕೈ ತೋರಿಸಿದರು. "ಅಕಾಲದ ಮಳಿಗೆ ನೆಂದಿದ್ದು ಒಂದು ಬಣವಿ ಐತವ್ವ. ಕಪ್ಪಾಗೇತಿ, ಎಮ್ಮಿ ಮೂಸೂದಿಲ್ಲ. ಬಳ್ಳಿಗೇನು ರುಚಿ ಬೇಕಾಗಿಲ್ಲಲ್ಲ. ಒಯ್ರಿ."

ಟ್ರ್ಯಾಕ್ಟರಿನಲ್ಲಿ ಬಂದ ಆ ಭತ್ತದ ಹುಲ್ಲನ್ನು ತೋಟದ ಬುಡಗಳಿಗೆಲ್ಲ ಗೇಣು ದಪ್ಪ ಹಾಸಿದೆವು. ಬೋರನ್ನು ನಸುಕಿನಲ್ಲಷ್ಟೇ ಬಿಟ್ಟೆವು. ಮಧ್ಯಾಹ್ನ ಹುಲ್ಲು ಸರಿಸಿ ಕೈಯಿಟ್ಟರೆ ಮಣ್ಣು ತಣ್ಣಗಿತ್ತು. ಆ ತಂಪು ಇದೆಯೋ ಇಲ್ಲವೋ ಎಂದು ಮತ್ತೆ ಮತ್ತೆ ಸರಿಸಿ ನೋಡುತ್ತಿದ್ದೆ.

"ಕೋಳಿ ಕೆದರಿದಂಗ ಕೆದರಬ್ಯಾಡ, ಕೂಡು ಒಂದು ಕಡೆ," ಎಂದು ಅತ್ತೆ ಗದರಿದರು. ಕೂರಲು ಆಗಲಿಲ್ಲ.

ಜೂನಿನಲ್ಲಿ ಮಳೆ ಬಿತ್ತು. ಗಂಡ ಊರುಗೋಲು ಹಿಡಿದು ತೋಟಕ್ಕೆ ಬಂದರು. ತೋಟ ಹಸಿರಾಗಿತ್ತು. ನಾನು ಎಲೆ ಕಿತ್ತ ಸಾಲುಗಳಲ್ಲೂ ಹೆಚ್ಚಿನ ಬಳ್ಳಿಗಳು ಉಳಿದಿದ್ದವು. ಒಂಬತ್ತು ಬಳ್ಳಿಗಳ ತೋಳು ಮಾತ್ರ ಮೇಲ್ಬದಿಯಲ್ಲಿ ಸೀಳಿ ಒಣಗಿತ್ತು. ಗಂಡ ಸೀಳಿನ ಮೇಲೆ ಹೆಬ್ಬೆರಳು ಆಡಿಸಿ, "ಕೊಯ್ಯಬೇಕು. ಹಸಿರು ಉಳಿದಲ್ಲಿಂದ ಹೊಸ ತೋಳು ಬೆಳೆಸಬೇಕು," ಎಂದರು. ಸಿಟ್ಟಿರಲಿಲ್ಲ.

ಅತ್ತೆ ಗರಗಸ ತಂದು ನನ್ನ ಕೈಗಿಟ್ಟರು.

"ನಾನಾ? ಮತ್ತೆ ತಪ್ಪು ಮಾಡಿದ್ರ?"

"ನಾನು ಇಲ್ಲೇ ಅದೀನಿ. ಹಸಿರು ಸಿಗೂತನಕ ಕೊಯ್ತಾ ಹೋಗು."

ಮೊದಲ ಬಳ್ಳಿಯ ತೋಳಿನ ತುದಿಯಿಂದ ಶುರು ಮಾಡಿದೆ. ಕೊಯ್ದಲ್ಲಿ ಕಂದು. ಒಂದು ಮೊಳ ಹಿಂದೆ ಕೊಯ್ದೆ, ಅಲ್ಲೂ ಕಂದು. ಮೂರನೆಯ ಸಲ, ಕಾಂಡಕ್ಕೆ ತೀರ ಹತ್ತಿರ, ಸಿಪ್ಪೆಯ ಕೆಳಗೆ ತೆಳ್ಳಗೆ ಹಸಿರು ಕಂಡಿತು. ಮುಟ್ಟಿದರೆ ಬೆರಳು ಒದ್ದೆಯಾಯಿತು.

"ಸಿಕ್ತು ಅತ್ತಿ," ಎಂದೆ.

"ಸಿಕ್ತಲ್ಲ, ಇನ್ನ ಎಂಟು ಅದಾವು. ನಡಿ," ಎಂದು ಅವರು ಮುಂದಿನ ಬಳ್ಳಿಯ ಕಡೆ ಹೊರಟರು.