ಮುಂಬಯಿಯಿಂದ ಬಂದ ಸ್ವೀಡ್ ಚೀಲ

ನಿನ್ನೆ ಮೊಮ್ಮಗಳ ಬೂಟಿನ ಮೇಲೆ ಚಹಾ ಚೆಲ್ಲಿತು. ಚೆಲ್ಲಿದವಳು ನಾನೇ. ಅದು ನಕಲಿ ಸ್ವೀಡ್ ಅಂತೆ. ನೋಡಲು ಮೆತ್ತನೆ ನವಿರಿನ ಚರ್ಮ, ಅಸಲಿಗೆ ಬಟ್ಟೆ. ಹೇಗೆ ಸ್ವಚ್ಛ ಮಾಡುವುದೆಂದು ಅವಳು ಫೋನಿನಲ್ಲಿ ಹುಡುಕುವುದರೊಳಗೆ ನಾನು ಒಣ ಬಟ್ಟೆಯಿಂದ ಒತ್ತಿ ಚಹಾ ಹೀರಿಸಿ, ಹಲ್ಲುಜ್ಜುವ ಹಳೇ ಬ್ರಷ್ ಹಿಡಿದು ಕೂತಿದ್ದೆ. "ಅಜ್ಜಿ, ನಿನಗ ಇದೆಲ್ಲಾ ಹೆಂಗ ಗೊತ್ತು?" ಎಂದಳು. ಅದೊಂದು ದೊಡ್ಡ ಗೊಂದಲ. ನೀವೂ ಕೇಳಿ, ನಿನ್ನೆಯವರೆಗೂ ನನಗೇ ಪೂರ್ತಿ ಬಗೆಹರಿದಿರಲಿಲ್ಲ.

ಎಪ್ಪತ್ತರ ದಶಕದ ನಡುವೆ ನಾನು ಸವಣೂರಿನಿಂದ ಹಾನಗಲ್ಲಿಗೆ ಸೊಸೆಯಾಗಿ ಬಂದೆ. ನನ್ನ ಅಣ್ಣ ಮುಂಬಯಿಯಲ್ಲಿ ಬೇರೆ ಜಾತಿಯ ಹುಡುಗಿಯನ್ನು ಮದುವೆಯಾಗಿದ್ದ. ಅಪ್ಪ ಅವನಿಗೆ ಬಾಗಿಲು ಮುಚ್ಚಿದ್ದರು. ಯಾರೂ ಕಾಗದ ಬರೆಯಕೂಡದೆಂದು ನಮ್ಮಿಂದ ಮಾತೂ ತೆಗೆದುಕೊಂಡಿದ್ದರು. ನನ್ನ ಮದುವೆಗೆ ಅವನನ್ನು ಕರೆಯಲಿಲ್ಲ. ಮದುವೆಯಾದ ತಿಂಗಳಿಗೆ ಅಂಚೆಯಲ್ಲಿ ಅವನಿಂದ ಒಂದು ಕೈಚೀಲ ಬಂತು. ಪೊಟ್ಟಣದ ಮೇಲಿನ ಅವನ ವಿಳಾಸ ಬಿಟ್ಟರೆ ಜೊತೆಗೆ ಒಂದು ಸಾಲು ಬರಹವೂ ಇಲ್ಲ. ಕಂದು ಬಣ್ಣ, ಮುಟ್ಟಿದರೆ ಕರುವಿನ ಕಿವಿಯಷ್ಟು ಮೆತ್ತಗೆ.

ಆ ಮೆತ್ತಗಿನ ಗುಣವೇ ಎಡವಟ್ಟಾಯಿತು. ನಮ್ಮ ಅತ್ತೆ ದೊಡ್ಡ ಮಡಿವಂತೆ. "ಇದು ಚರ್ಮದ್ದೋ, ಅರಿವೀದೋ?" ಎಂದರು. ಚರ್ಮವೋ ಬಟ್ಟೆಯೋ, ನನಗೇನು ಗೊತ್ತು? ವಕೀಲರಾಗಿದ್ದ ಮಾವ ಚೀಲವನ್ನು ಮೂಸಿ, ತಿರುಗಿಸಿ ನೋಡಿ, "ಸಂಶಯದ ಲಾಭ ಆರೋಪಿಗೇ ಕೊಡಬೇಕು. ಅಲ್ಲದಽ ನಾ ಕೂತು ಜಪಾ ಮಾಡೂದು ಜಿಂಕಿ ಚರ್ಮದ ಮ್ಯಾಲೇ ಅಲ್ಲೇನು?" ಎಂದರು.

"ಅದು ಬ್ಯಾರೆ, ಇದು ಬ್ಯಾರೆ," ಎಂದರು ಅತ್ತೆ.

ಹೇಗೆ ಬೇರೆ ಎಂದು ನಾನು ಇನ್ನೂ ಯೋಚಿಸುತ್ತಿದ್ದೇನೆ. ಬಟ್ಟೆಯಾದರೆ ಒಗೆದು ಒಳಗೆ ತರಬೇಕು, ಚರ್ಮವಾದರೆ ಒಗೆದರೆ ಹಾಳು. ಒಗೆಯದೆ ಒಳಗಿಲ್ಲ, ಏನೆಂದು ತಿಳಿಯದೆ ಒಗೆಯುವಂತಿಲ್ಲ. ಹೀಗಾಗಿ ಚೀಲ ಪಡಸಾಲೆಯ ಆಚೆ ಮೊಳೆಗೆ ನೇತುಬಿತ್ತು. ಅಣ್ಣನದೆಂದು ನನ್ನ ಹತ್ತಿರ ಇದ್ದದ್ದು ಅದೊಂದೇ. ಅವನನ್ನೇ ಹೊರಗೆ ನಿಲ್ಲಿಸಿದ್ದಾರೆ ಅನ್ನಿಸುತ್ತಿತ್ತು. ಅಣ್ಣನ ಸಂಗತಿ ಅತ್ತೆಗೆ ಗೊತ್ತಿತ್ತು, ಆದರೆ ಎಂದೂ ಮಾತೆತ್ತಿರಲಿಲ್ಲ.

ಒಂದು ಸಂಜೆ ದೀಪಕ್ಕೆ ಎಣ್ಣೆ ತರುತ್ತಿದ್ದ ಅತ್ತೆಯ ಕೈ ಜಾರಿ ಚೀಲದ ಮೇಲೆ ಎಣ್ಣೆ ಬಿತ್ತು. ಅವರು ಅದನ್ನು ಬಚ್ಚಲಿಗೆ ಒಯ್ದು, ಸೀಗೆಪುಡಿ, ಬಿಸಿನೀರು ಹಾಕಿ ಬರಿಗೈಯಲ್ಲಿ ತಿಕ್ಕಿದರು. ಆಮೇಲೆ ಸ್ನಾನವನ್ನೂ ಮಾಡಲಿಲ್ಲ. ನಾನು ದಂಗಾದೆ. ಚೀಲವಂತೂ ತೊಯ್ದ ಬೆಕ್ಕಿನ ಹಾಗೆ ಕೂದಲು ಅಂಟಿಸಿಕೊಂಡು ಕೂತಿತ್ತು. ಕಲೆ ಇದ್ದಲ್ಲೇ ಇತ್ತು.

"ನಿಮ್ಮಣ್ಣಗ ಒಂದು ಕಾಗದಾ ಹಾಕು. ಹೆಂಗ ಒಗೀಬೇಕು ಅಂತ ಕೇಳು," ಎಂದರು.

"ಅಪ್ಪ ಬರೀಬ್ಯಾಡ ಅಂದಾರ್ರಿ."

"ಯೋಗಕ್ಷೇಮ ಬರೀಬ್ಯಾಡ ಅಂದಿರಬೇಕು. ಒಗಿಯೂ ವಿಷಯ ಬರದ್ರ ಏನಾತು?"

ಬರೆದೆ. ಎಂಟು ದಿನಕ್ಕೆ ಉತ್ತರ ಬಂತು. ಅತ್ತೆಗೆ ಓದು ಬಾರದು. ನಾನೇ ಓದಿ ಹೇಳಿದೆ. ಚರ್ಮವಲ್ಲ, ಕೃತಕ ನೂಲಿನ ಬಟ್ಟೆ. ನೆನೆಹಾಕಬೇಡ. ಕಡಲೆಹಿಟ್ಟು ಉದುರಿಸಿ ಎಣ್ಣೆ ಹೀರಲು ಬಿಡು. ಸಾಬೂನಿನ ನೊರೆಯನ್ನಷ್ಟೇ ಮುಟ್ಟಿಸು, ಹಿಂಡಬೇಡ, ನೆರಳಲ್ಲಿ ಒಣಗಿಸಿ ಮೆತ್ತನೆಯ ಬ್ರಷ್ಷಿನಿಂದ ಒಂದೇ ದಿಕ್ಕಿಗೆ ತೀಡು. ಕೊನೆಗೆ, "ನೀ ಹೆಂಗಿದ್ದಿ?" ಆ ಸಾಲನ್ನು ಎರಡು ಸಲ ಓದಿದೆ.

ಹೇಳಿದಂತೆ ಮಾಡಿದೆವು. ಅತ್ತೆ ಚೀಲವನ್ನು ಬೆಳಕಿಗೆ ಹಿಡಿದು, "ಕಲೆ ಇನ್ನೂ ಅದ. ಹೋಗಿಲ್ಲ ಅಂತ ಬರಿ," ಎಂದರು. ನನಗೆ ಎಲ್ಲೂ ಕಾಣಲಿಲ್ಲ. ಪಾಪ, ವಯಸ್ಸಾಯಿತು, ಕಣ್ಣು ಮಂಜಾಗಿದೆ ಎಂದುಕೊಂಡು ಬರೆದೆ. ಅಣ್ಣ ಇನ್ನೊಂದು ಉಪಾಯ ಬರೆದ. ಕೆಳಗೆ ಅತ್ತಿಗೆಯದೂ ಎರಡು ಸಾಲು ಇತ್ತು. ಅತ್ತೆಯ ಪ್ರಕಾರ ಕಲೆ ಅದಕ್ಕೂ ಹೋಗಲಿಲ್ಲ. ಹೀಗೆ ವರ್ಷ ಕಳೆಯಿತು.

ಕೊನೆಗೆ ಒಂದು ದಿನ, "ಕಾಗದದಾಗ ಆಗೂ ಕೆಲಸ ಅಲ್ಲ ಇದು. ಅವನೇ ಬಂದು ನೋಡ್ಲಿ. ಹೆಂಡತೀನೂ ಕರಕೊಂಡು ಬರ್ಲಿ," ಎಂದರು.

ಅವರಿಬ್ಬರೂ ಯಲವಿಗಿಯಲ್ಲಿ ರೈಲಿಳಿದು, ಸವಣೂರಿನ ನಮ್ಮ ಮನೆಯ ಮುಂದೆಯೇ ಬಸ್ಸಿನಲ್ಲಿ ಹಾದು, ಇಳಿಯದೆ, ಶಿಗ್ಗಾವಿಯಲ್ಲಿ ಬಸ್ ಬದಲಿಸಿ ಹಾನಗಲ್ಲಿಗೆ ಬಂದರು. ಅತ್ತೆ ಇಬ್ಬರನ್ನೂ ಅಡಿಗೆಮನೆಯಲ್ಲಿ ಕೂಡಿಸಿ ಬಡಿಸಿದರು. ಚೀಲದ ಸುದ್ದಿ ಯಾರೂ ಎತ್ತಲಿಲ್ಲ. ಇದನ್ನು ಕೇಳಿ ಅಪ್ಪ ಮೂರು ತಿಂಗಳು ನನ್ನೊಡನೆ ಮಾತು ಬಿಟ್ಟರು.

ನಿನ್ನೆ ಮೊಮ್ಮಗಳಿಗೆ ಇದನ್ನು ಹೇಳುತ್ತ ಬೂಟು ತೀಡುತ್ತಿದ್ದವಳು ನಡುವೆಯೇ ನಿಲ್ಲಿಸಿದೆ. ಅದೇ ವರ್ಷ ಅತ್ತೆ ಮಬ್ಬುಗತ್ತಲಲ್ಲಿ, ದೀಪ ಹಚ್ಚುವ ಮೊದಲೇ, ಅಕ್ಕಿಯೊಳಗಿನ ಹರಳು ಆರಿಸುತ್ತಿದ್ದರು. ನನ್ನ ಸೂಜಿಗೂ ಅವರೇ ದಾರ ಪೋಣಿಸಿ ಕೊಡುತ್ತಿದ್ದರು. ನನಗೆ ಕೂಡಲೇ ನಾಚಿಕೆಯಾಯಿತು, ಅಳುವೂ ಬಂತು. ಮುಂಬಯಿಗೆ ಫೋನ್ ಮಾಡಿದೆ.

"ಅಣ್ಣಾ, ಆ ಚೀಲದ ಕಲೆ ಮೊದಲನೇ ಸಲಕ್ಕೇ ಹೋಗಿತ್ತು. ಅತ್ತಿಯವರಿಗೆ ಅದು ಗೊತ್ತಿತ್ತು," ಎಂದೆ.

ಆ ಕಡೆ ಅಣ್ಣ ನಕ್ಕುಬಿಟ್ಟ.

"ಈಗ ತಿಳೀತೇನವಾ ನಿನಗ?" ಎಂದ.