ಬ್ರೇಕು ಕೇಳುವ ಜಲಜಕ್ಕ

ನಾವುಂದದಲ್ಲಿ ಜಲಜಕ್ಕ ಮೀನು ಮಾರುವುದು ರಸ್ತೆಯ ಹಂಪಿನ ಪಕ್ಕ. ಅಲ್ಲಿ ಎಲ್ಲ ಗಾಡಿಗಳೂ ಬ್ರೇಕು ಒತ್ತಲೇಬೇಕು, ವ್ಯಾಪಾರಕ್ಕೆ ಒಳ್ಳೆಯ ಜಾಗ. ಹೊಸದಾಗಿ ಬಣ್ಣ ಹೊಡೆಸಿದ ನನ್ನ ಹಳೆಯ ಕಾರು ನಿಲ್ಲಿಸಿ ಬಂಗುಡೆಯ ಕ್ರಯ ಕೇಳಿದರೆ ಅವರು ಚಕ್ರ ನೋಡುತ್ತಿದ್ದರು.

“ಹ್ವಾಯ್, ನಿಮ್ಮ್ ಬ್ರೇಕ್ ಕೂಗತ್ತ್. ಕೇಂತಿಲ್ಯಾ?”

ಉಪ್ಪುಗಾಳಿಗೆ ತುಕ್ಕು ಹಿಡಿದಿರಬೇಕು ಎಂದೆ. ಮೀನಿನ ಬುಟ್ಟಿಯ ಮುಂದೆ ಕಾರಿನ ಪಾಠ ಕೇಳುವ ಮನಸ್ಸಿರಲಿಲ್ಲ.

“ತುಕ್ಕಾರೆ ನಾಕ್ ಸಲ ಒತ್ತಿರೆ ಹೋತ್ತ್. ಎಲ್ಲಿಂದ ಬಂದದ್?”

“ಬ್ರಹ್ಮಾವರದಿಂದ. ಕೊಲ್ಲೂರು ದಾಟಿ ಘಾಟಿ ಹತ್ತಬೇಕು.”

“ಹಾಂಗಾರೆ ಪ್ಯಾಡ್ ಸವ್ದದ್ದೇ. ಕೀಂಯ್ ಅಂದ್ರೆ ಇನ್ನೂ ಸ್ವಲ್ಪ ದಿನ ತಡಿತ್ತ್, ಗರಗರ ಅಂದ್ರೆ ಮತ್ತೆ ನಂಬುಕಾಗ. ಘಾಟಿಗೆ ಹೋಪ್ದ್ ಬ್ಯಾಡ.”

ಅಷ್ಟರಲ್ಲಿ ಮೀನಿನ ಟೆಂಪೋ ಒಂದು ಹಂಪಿನ ಬಳಿ ನಿಧಾನವಾಯಿತು. ಚಾಲಕ ತಲೆ ಹೊರಗೆ ಹಾಕಿ, “ಅಕ್ಕ, ಈಗ ಹ್ಯಾಂಗಿತ್ತ್?” ಎಂದ.

“ಸಮ ಇತ್ತ್. ಶಬ್ದ ಇಲ್ಲೆ.”

ನಿನ್ನೆ ಬ್ರೇಕು ರಿಪೇರಿ ಮಾಡಿಸಿದ್ದನಂತೆ. ಗ್ಯಾರೇಜಿನವನ ಮಾತಿಗಿಂತ ಜಲಜಕ್ಕನ ಕಿವಿಯ ಮೇಲೆ ಅವನಿಗೆ ಹೆಚ್ಚು ನಂಬಿಕೆ.

ಘಾಟಿಯ ಯೋಚನೆ ಬಿಟ್ಟು ಬೈಂದೂರಿನ ಗ್ಯಾರೇಜಿಗೆ ಹೊರಟೆ. ಏಸಿ, ಹಾಡು ಎರಡನ್ನೂ ಆರಿಸಿ ಗಾಜು ಇಳಿಸಿದೆ. ಮುಂದಿನ ಹಂಪಿನಲ್ಲಿ ಬ್ರೇಕು ಒತ್ತಿದ್ದೇ ಕೀಂಯ್ ಎಂದಿತು. ಅಂಗಡಿ ಜಗಲಿಯಲ್ಲಿ ಕೂತವರೆಲ್ಲ ತಿರುಗಿ ನೋಡಿದರು.

ಬ್ರಹ್ಮಾವರದಿಂದಲೂ ಜನ ಹೀಗೇ ತಿರುಗಿ ನೋಡುತ್ತಿದ್ದರು. ಹೊಸ ಬಣ್ಣವನ್ನು ನೋಡುತ್ತಿದ್ದಾರೆ ಎಂದುಕೊಂಡಿದ್ದೆ.