ಬೆಸುಗೆ ಹಾಕಿಸಿದ ಆರ್ಮ್

ಜಡಿಗೇನಹಳ್ಳಿ ರಸ್ತೆಯ ಆ ಮೆಕ್ಯಾನಿಕ್‌ನನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಗಿರಾಕಿಯನ್ನು ಮಾತಾಡಿಸುವ ರೀತಿಯೇ ಅವನಿಗೆ ಗೊತ್ತಿರಲಿಲ್ಲ. ಕಾರಿನ ಹಿಂಭಾಗದಲ್ಲಿ ಸದ್ದು ಬರುತ್ತಿದೆ ಎಂದರೆ ಸಾಕು, ಕೈ ಕೂಡ ಒರೆಸಿಕೊಳ್ಳದೆ, "ಹಿಂದ್ಗಡೆ ಯಾರು ಕೂತ್ಕೋತಾರೆ?" ಎಂದು ಗದರುತ್ತಿದ್ದ. ಎಲ್ಲರಿಗೂ ಅದೇ ಪ್ರಶ್ನೆ.

ನನ್ನನ್ನೂ ಕೇಳಿದ. "ಯಾರು ಕೂತ್ರೆ ನಿಂಗೇನಪ್ಪಾ? ಮೊದ್ಲು ಸದ್ದು ನಿಲ್ಸು" ಎಂದೆ.

ಅವನು ಜಾಕ್ ಏರಿಸಿ, ಹಿಂದಿನ ಚಕ್ರವನ್ನು ಹಿಡಿದಿಡುವ ಕಂಟ್ರೋಲ್ ಆರ್ಮ್ ಬಿಚ್ಚಿದ. ಕಾರು ಒಮ್ಮೆ ಗುಂಡಿಗೆ ಬಿದ್ದಾಗ ಅದು ಬಿರುಕು ಬಿಟ್ಟಿತ್ತು. ಹೊಸದು ಹಾಕಿಸದೆ, ನಮ್ಮೂರಿನ ನೇಗಿಲು ರಿಪೇರಿಯವನ ಹತ್ತಿರ ಬೆಸುಗೆ ಹಾಕಿಸಿದ್ದೆ. ಮುರಿದ ನೇಗಿಲನ್ನು ನಾವು ರೈತರು ಹಾಗೆಯೇ ತಾನೇ ಸರಿಮಾಡಿಕೊಳ್ಳುವುದು?

"ಇನ್ನೊಂದ್ಸಲ ಬೆಸುಗೆ ಹಾಕ್ಸಿದ್ರೆ ನಡೀತದೆ ಬಿಡು" ಎಂದೆ.

ಅವನು ಆರ್ಮನ್ನು ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಒಂದೇ ಏಟು ಕೊಟ್ಟ. ಬೆಸುಗೆಯ ಜಾಗದಲ್ಲೇ ಅದು ಎರಡಾಯಿತು.

"ನನ್ ಕಾರಿನ ಸಾಮಾನು ಒಡೆಯೋಕೆ ನೀನ್ಯಾವನೋ?" ಎಂದು ಕೂಗಾಡಿದೆ.

ಎರಡೂ ತುಂಡುಗಳನ್ನು ನನ್ನ ಕೈಗೆ ತುರುಕಿ, ಕಾರಿನ ಹಿಂಬಾಗಿಲನ್ನು ಸೆಳೆದು ತೆರೆದ.

"ಈಗ್ಲಾದ್ರೂ ಹೇಳಿ ಸಾರ್, ಹಿಂದ್ಗಡೆ ಯಾರು ಕೂತ್ಕೋತಾರೆ?"

ಸೀಟಿನ ಮೇಲೆ ಮಗಳ ಸ್ಕೂಲ್ ಬ್ಯಾಗು ಬಿದ್ದಿತ್ತು.